ಅರಿವು ಅಳಿದ ತಂದೆ, ಅಧಿಕಾರ ಬೇಡುವ ಮಕ್ಕಳು: ‘ಲಿಯರ್ ಮಹಾರಾಜ’ ನಾಟಕವನ್ನು ಕುರಿತು



ತನು, ಮನ, ಧನ ಎಂಬ ಮೂರನ್ನು ಶರಣರು ಒಟ್ಟಾಗಿಯೇ ಹೇಳಿದರು. ಗುರುವಿಗೆ ತನುವನ್ನು, ಲಿಂಗಕ್ಕೆ ಮನವನ್ನು, ಜಂಗಮಕ್ಕೆ ಧನವನ್ನು ಸಲ್ಲಿಸಬೇಕೆಂಬುದು ಬಾಲ್ಯದಿಂದಲೂ ನೀವು ಕೇಳಿಬಂದ ಮಾತು. ಆದರೆ ಈ ಮೂರೂ ಒಂದನ್ನೊಂದು ಬಿಟ್ಟು ಬೇರೆಯಾಗುವ ಕಾಲವೊಂದು ಕೆಲವರ ಬಾಳಿನಲ್ಲಿ ಬರುತ್ತದೆ. ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಮರೆವಿನ ರೋಗವು ಮುಪ್ಪಿನಲ್ಲಿ ಆವರಿಸಿದಾಗ ತನು ಉಳಿದಿರುತ್ತದೆ, ಧನವೂ ಉಳಿದಿರುತ್ತದೆ. ಮನ ಮಾತ್ರ ದಿನದಿನಕ್ಕೆ ಜಾರುತ್ತಾ ಹೋಗುತ್ತದೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿ ಈ ಸ್ಥಿತಿಯಲ್ಲಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅಂಥ ತಂದೆತಾಯಿಗಳ ಮನೆಯಲ್ಲಿ ರೋಗದ ಬೆನ್ನಿಗೇ ಇನ್ನೊಂದು ಪ್ರಶ್ನೆ ಹೊಸ್ತಿಲು ತುಳಿಯುತ್ತದೆ. ಇವರ ಪರವಾಗಿ ಮಾತನಾಡುವ ಅಧಿಕಾರ ಯಾರದು? ಈ ಪ್ರಶ್ನೆಯ ಮುಂದೆ ಒಡಹುಟ್ಟಿದವರು ಕೋರ್ಟಿನ ಮೆಟ್ಟಿಲೇರುವುದನ್ನು ನೀವು ಕಂಡಿರಬಹುದು.

ಷೇಕ್ಸ್‌ಪಿಯರ್ ಮಹಾಕವಿಯ ‘ಕಿಂಗ್ ಲಿಯರ್’ ನಾಟಕವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದನ್ನು ‘ಲಿಯರ್ ಮಹಾರಾಜ’ ಎಂದು ಕನ್ನಡಕ್ಕೆ ತಂದಿದ್ದಾರೆ. ಕಾಲೇಜಿನಲ್ಲಿ ಪಠ್ಯವಾಗಿ ಓದಿದವರೂ ನಿಮ್ಮಲ್ಲಿ ಇದ್ದೀರಿ. ಕೃತಘ್ನ ಮಕ್ಕಳ ಕಥೆ ಎಂಬುದು ಇದಕ್ಕೆ ರೂಢಿಯಲ್ಲಿರುವ ಅರ್ಥ. ಅದು ತಪ್ಪಲ್ಲ, ಆದರೆ ಅಷ್ಟೇ ಅಲ್ಲ. ಒಬ್ಬ ಮುದುಕನಿಗೆ ಬುದ್ಧಿ ಸರಿಯಿಲ್ಲವೆಂದು ತೀರ್ಮಾನಿಸುವ ಹಕ್ಕು ಯಾರಿಗಿದೆ ಎಂಬ ವಿಚಾರಣೆಯೂ ಈ ನಾಟಕದ ಒಳಗೆ ನಡೆದಿದೆ.

ಆ ಕಾಲದ ಇಂಗ್ಲೆಂಡಿನಲ್ಲಿ ಈ ವಿಚಾರಣೆ ಕೇವಲ ಕಲ್ಪನೆಯ ಮಾತಾಗಿರಲಿಲ್ಲ. ಕೆಂಟ್ ಪ್ರಾಂತದ ಲೀ ಎಂಬಲ್ಲಿ ಬ್ರಯನ್ ಆನೆಸ್ಲಿ ಎಂಬ ವೃದ್ಧನಿದ್ದನು. ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಬಹುಕಾಲ ಸೇವೆ ಸಲ್ಲಿಸಿದವನು. ಅವನಿಗೆ ಮೂವರು ಹೆಣ್ಣುಮಕ್ಕಳು. ಕಿರಿಯಳ ಹೆಸರು ಕಾರ್ಡೆಲ್. 1603ನೆಯ ಅಕ್ಟೋಬರಿನಲ್ಲಿ ಹಿರಿಯ ಮಗಳು ಗ್ರೇಸಳ ಗಂಡನಾದ ಸರ್ ಜಾನ್ ವೈಲ್ಡ್‌ಗೂಸನು ಇತರರೊಡನೆ ಮಾವನ ಮನೆಗೆ ಬಂದನು. ವೃದ್ಧನ ಮನಸ್ಸೂ ನೆನಪೂ ಕೆಟ್ಟಿವೆ, ತನ್ನನ್ನಾಗಲಿ ತನ್ನ ಆಸ್ತಿಯನ್ನಾಗಲಿ ನೋಡಿಕೊಳ್ಳಲು ಆತ ಅಸಮರ್ಥ ಎಂದು ಅವರು ಮಂತ್ರಿ ರಾಬರ್ಟ್ ಸೆಸಿಲನಿಗೆ ಪತ್ರ ಬರೆದರು. ಚಿತ್ತಭ್ರಮೆಗೊಳಗಾದವರ ರಕ್ಷಣೆಯ ಅಧಿಕಾರ ಆಗ ದೊರೆಗೆ ಸೇರಿತ್ತು. ಸೆಸಿಲನು ಪಾಲ್ಯರ ನ್ಯಾಯಾಲಯದ ಮುಖ್ಯಸ್ಥನೂ ಆಗಿದ್ದನು. ಮನೆಯ ಸಾಮಾನುಗಳ ಪಟ್ಟಿ ಮಾಡಲು ಬಂದವರು ಹೊರಟಾಗ, ತಂದೆಯ ಕಾಯಿಲೆಯುದ್ದಕ್ಕೂ ಅವನನ್ನೂ ಅವನ ವ್ಯವಹಾರವನ್ನೂ ನೋಡಿಕೊಂಡಿದ್ದ ಕಾರ್ಡೆಲ್ ಅದಕ್ಕೆ ಅವಕಾಶ ಕೊಡಲಿಲ್ಲವೆಂದು ಅದೇ ಪತ್ರ ದೂರುತ್ತದೆ.

ಕೆಲವೇ ದಿನಗಳಲ್ಲಿ ಕಾರ್ಡೆಲ್ ಕೂಡ ಸೆಸಿಲನಿಗೆ ಬರೆದಳು. ಆ ಪತ್ರದ ತಿರುಳನ್ನು ನೀವು ಸಾವಧಾನವಾಗಿ ಗಮನಿಸಬೇಕು. ತಂದೆ ಆರೋಗ್ಯವಂತನೆಂದು ಅವಳು ವಾದಿಸಲಿಲ್ಲ. ದಿನದಿನಕ್ಕೆ ಸಾವಿನತ್ತ ಸಾಗುತ್ತಿರುವ ವೃದ್ಧನೆಂದೇ ಒಪ್ಪಿಕೊಂಡಳು. ಆದರೆ ಇಷ್ಟು ವರ್ಷ ದೇಶಸೇವೆ ಮಾಡಿದವನ ಹೆಸರು ಕೊನೆಯುಸಿರಿನ ಹೊತ್ತಿನಲ್ಲಿ ಹುಚ್ಚನೆಂದು ದಾಖಲೆಯಲ್ಲಿ ನಿಲ್ಲುವುದು ಬೇಡ ಎಂದು ಬೇಡಿದಳು. ಅದು ಅನಿವಾರ್ಯವೇ ಆದರೆ, ಅವನನ್ನು ಸರ್ ಜೇಮ್ಸ್ ಕ್ರಾಫ್ಟ್ ಎಂಬ ಹಳೆಯ ಮಿತ್ರನ ವಶಕ್ಕೆ ಕೊಡಬೇಕೆಂದೂ, ಆತ ಈ ಆಸ್ತಿಯಿಂದ ಒಂದು ಕಾಸಿನ ಲಾಭವನ್ನೂ ಬಯಸದೆ ಭಾರ ಹೊರಲು ಒಪ್ಪಿದ್ದಾನೆಂದೂ ತಿಳಿಸಿದಳು. ತನಗೇ ಅಧಿಕಾರ ಕೊಡಿ ಎಂದು ಅವಳು ಕೇಳಲಿಲ್ಲ. ಎರಡು ಪತ್ರಗಳ ನಡುವಿನ ಅಂತರವೆಲ್ಲ ಇಲ್ಲಿಯೇ ಇದೆ. ಒಂದು ಪತ್ರದ ಕಣ್ಣು ಸಾಮಾನಿನ ಪಟ್ಟಿಯ ಮೇಲೆ. ಇನ್ನೊಂದರ ಕಣ್ಣು ತಂದೆಯ ಮಾನದ ಮೇಲೆ.

1604ರ ಜುಲೈಯಲ್ಲಿ ಆನೆಸ್ಲಿ ತೀರಿಕೊಂಡನು. ಆಸ್ತಿಯ ಹೆಚ್ಚಿನ ಪಾಲನ್ನು ಕಾರ್ಡೆಲ್‌ಗೆ ಬಿಟ್ಟ ಉಯಿಲನ್ನು ಹಿರಿಯ ಮಗಳ ಕಡೆಯವರು ಪ್ರಶ್ನಿಸಿದರೂ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಷೇಕ್ಸ್‌ಪಿಯರನ ನಾಟಕ ಜೇಮ್ಸ್ ದೊರೆಯ ಸಮ್ಮುಖದಲ್ಲಿ ನಡೆದದ್ದು 1606ರ ಡಿಸೆಂಬರ್ 26ರಂದು. ಈ ವ್ಯಾಜ್ಯದಿಂದಲೇ ಕವಿ ಪ್ರೇರಣೆ ಪಡೆದನೆಂದು ಹೇಳಲು ಆಧಾರವಿಲ್ಲ. ಲಿಯರನ ಕಥೆ ಅದಕ್ಕೂ ಬಹು ಹಿಂದಿನದು, ಅದೇ ಕಥೆಯ ಇನ್ನೊಂದು ನಾಟಕ 1605ರಲ್ಲಿಯೇ ಅಚ್ಚಾಗಿತ್ತು. ಆದರೆ ಆ ಹಳೆಯ ನಾಟಕದಲ್ಲಿ ದೊರೆಗೆ ಹುಚ್ಚು ಹಿಡಿಯುವುದಿಲ್ಲ, ಕೊನೆಗೆ ರಾಜ್ಯವೂ ಮರಳಿ ದೊರೆಯುತ್ತದೆ. ತಂದೆಯ ಬುದ್ಧಿ ಕುಸಿಯುವುದನ್ನು ಕಥೆಯ ನಡುವಿಗೆ ತಂದವನು ಷೇಕ್ಸ್‌ಪಿಯರ್. ಅವನ ಸುತ್ತಣ ಸಮಾಜಕ್ಕೆ ಇಂಥ ವ್ಯಾಜ್ಯ ಪರಿಚಿತವಾಗಿತ್ತೆಂಬುದಕ್ಕೆ ಆನೆಸ್ಲಿಯ ಪ್ರಕರಣ ಸಾಕ್ಷಿ.

ಇನ್ನು ನಾಟಕಕ್ಕೆ ಬರೋಣ. ಎಂಬತ್ತು ದಾಟಿದ ದೊರೆ ರಾಜ್ಯವನ್ನು ಹಂಚುವ ಮೊದಲು ಮಕ್ಕಳ ಪ್ರೀತಿಯನ್ನು ತುಂಬಿದ ಸಭೆಯಲ್ಲಿ ಪರೀಕ್ಷಿಸುತ್ತಾನೆ. ಮಾತು ಬಲ್ಲ ಇಬ್ಬರು ಗೆಲ್ಲುತ್ತಾರೆ. ಮಾತು ಬಾರದ ಕಿರಿಯಳು ಕಾರ್ಡೀಲಿಯ ಬರಿಗೈಯಲ್ಲಿ ಹೊರಡುತ್ತಾಳೆ. ತನ್ನ ಬಳಿ ದೊರೆ ಉಳಿಸಿಕೊಂಡದ್ದು ನೂರು ಮಂದಿ ಪರಿವಾರವನ್ನು ಮಾತ್ರ. ಮುಂದಿನ ದೃಶ್ಯಗಳಲ್ಲಿ ನಡೆಯುವುದು ಒಂದು ಕಳೆಯುವ ಲೆಕ್ಕ. ನೂರು ಐವತ್ತಾಗುತ್ತದೆ, ಐವತ್ತು ಇಪ್ಪತ್ತೈದಾಗುತ್ತದೆ. ಬಳಿಕ ಹತ್ತು ಏಕೆ, ಐದು ಏಕೆ, ಒಬ್ಬನಾದರೂ ಏಕೆ ಎಂಬಲ್ಲಿಗೆ ಮುಟ್ಟುತ್ತದೆ. ಹಿರಿಯರಿಬ್ಬರ ಮಾತಿನಲ್ಲಿ ಕಟುಕತನ ಮೇಲಕ್ಕೆ ಕಾಣುವುದಿಲ್ಲ. ನಿಮಗೆ ವಯಸ್ಸಾಯಿತು, ನಿಮ್ಮ ಸ್ಥಿತಿಯನ್ನು ನಿಮಗಿಂತ ಬಲ್ಲವರು ನಿಮ್ಮನ್ನು ನಡೆಸಲಿ ಎಂಬ ಹಿತವಚನದ ಧಾಟಿಯಲ್ಲಿ ಅವರು ಮಾತನಾಡುತ್ತಾರೆ. ಇಂದಿಗೂ ಇದೇ ಧಾಟಿ. ಮೊದಲು ಪೆಟ್ಟಿಗೆಯ ಬೀಗದಕೈ, ಆಮೇಲೆ ಬ್ಯಾಂಕಿನ ಪುಸ್ತಕ, ಆಮೇಲೆ ಊರಿನ ಗೆಳೆಯರು, ಕಡೆಗೆ ನಡುಮನೆಯ ಹಾಸಿಗೆ. ಒಂದೊಂದಕ್ಕೂ ಒಂದು ಸಮಂಜಸವಾದ ಕಾರಣ ಇದ್ದೇ ಇರುತ್ತದೆ.

ಹಾಗೆಂದು ಹಿರಿಯ ಮಗಳ ಕಷ್ಟವನ್ನು ತಳ್ಳಿಹಾಕಬಾರದು. 1962ರಲ್ಲಿ ಪೀಟರ್ ಬ್ರೂಕ್ ಈ ನಾಟಕವನ್ನು ರಂಗಕ್ಕೆ ತಂದಾಗ ದೊರೆಯ ಪರಿವಾರ ಮನೆಯನ್ನು ಧ್ವಂಸ ಮಾಡುವುದನ್ನು ಕಣ್ಣೆದುರು ತೋರಿಸಿ, ಗಾನೆರಿಲಳ ದೂರಿನಲ್ಲಿ ನ್ಯಾಯವಿದೆಯೆಂದು ಪ್ರೇಕ್ಷಕರಿಗೆ ಮನಗಾಣಿಸಿದನು. ರಾತ್ರಿಯಿಡೀ ಎದ್ದು ತಿರುಗುವ, ಉಂಡದ್ದನ್ನು ಮರೆತು ಉಪವಾಸ ಕೆಡವಿದರೆಂದು ಬೀದಿಯಲ್ಲಿ ದೂರುವ ಮುದುಕರನ್ನು ನೋಡಿಕೊಂಡವರಿಗೆ ಆ ಬಳಲಿಕೆ ಗೊತ್ತು. ಬಳಲುವುದು ಪಾಪವಲ್ಲ. ಧನ ಕೈಸೇರಿದ ಮೇಲೆ ತನುವಿಗೆ ಬಾಗಿಲು ಮುಚ್ಚುವುದು ಪಾಪ. ಮನ ಅಳಿದಿದೆಯೆಂದು ಸಾರುತ್ತಾ ಧನವನ್ನು ಕೈಗೊಂಡು, ಮಳೆಗಾಳಿಗೆ ಸಿಕ್ಕಿದ ತನುವನ್ನು ಮರೆತರೆಂಬುದೇ ಆ ಇಬ್ಬರ ಅಪರಾಧ.

ನಾಟಕದ ಶಿಖರ ನಾಲ್ಕನೆಯ ಅಂಕದಲ್ಲಿದೆ. ಅಲೆದು ಬಳಲಿದ ತಂದೆಯನ್ನು ಹುಡುಕಿಸಿ ತಂದ ಕಾರ್ಡೀಲಿಯ ಮೊದಲು ವೈದ್ಯನ ಮಾತನ್ನು ಕೇಳುತ್ತಾಳೆ. ಅವನಿಗೆ ನಿದ್ದೆ ಬರಿಸುತ್ತಾರೆ, ಮಡಿಬಟ್ಟೆ ಉಡಿಸುತ್ತಾರೆ, ಸಂಗೀತ ನುಡಿಸುತ್ತಾರೆ. ಕಣ್ಣು ತೆರೆದ ದೊರೆಗೆ ತಾನು ಎಲ್ಲಿದ್ದೇನೆಂಬುದು ತಿಳಿಯದು, ತೊಟ್ಟ ಬಟ್ಟೆ ತನ್ನದೆಂಬುದು ತಿಳಿಯದು, ನಿನ್ನೆ ಎಲ್ಲಿ ಮಲಗಿದ್ದನೆಂಬುದೂ ನೆನಪಿಲ್ಲ. ನನ್ನ ಗುರುತು ಸಿಕ್ಕಿತೇ ಎಂದು ಮಗಳು ಒಮ್ಮೆ ಕೇಳಿದರೂ ಅವನನ್ನು ಪರೀಕ್ಷೆಗೆ ಒಡ್ಡುವುದಿಲ್ಲ. ದೊರೆಗೆ ಸಲ್ಲುವ ಗೌರವದಿಂದಲೇ ಮಾತನಾಡಿಸಿ, ಆಶೀರ್ವಾದ ಬೇಡುತ್ತಾಳೆ. ಕಳೆದುಹೋದ ಕಾಲವನ್ನು ಅವನಿಂದ ಕೆದಕಿ ಹೇಳಿಸುವುದು ಅಪಾಯವೆಂದು ವೈದ್ಯನೂ ಎಚ್ಚರಿಸುತ್ತಾನೆ. ಮರೆವಿನ ರೋಗಿಗಳನ್ನು ಶುಶ್ರೂಷಿಸುವವರು ಇಂದು ಹೇಳುವ ಮಾತೂ ಇದೇ: ತಿದ್ದಬೇಡಿ, ಪ್ರಶ್ನೆಗಳಿಂದ ಪೀಡಿಸಬೇಡಿ, ನೆಮ್ಮದಿ ಕೊಡಿ. ಮೊದಲ ಅಂಕದ ಪರೀಕ್ಷೆಯಲ್ಲಿ ತಾನು ಸೋತಿದ್ದರೂ, ಈಗ ತಂದೆಗೆ ಪರೀಕ್ಷೆಯಿಲ್ಲದ ಪ್ರೀತಿಯನ್ನು ಕೊಟ್ಟದ್ದರಿಂದ ಅವಳು ನಿಜವಾದ ಪಾಲಕಿಯಾದಳು.

ಈ ಮಾತಿಗೆ ಗ್ರೀಸ್ ದೇಶದ ಪ್ರಸಿದ್ಧ ಐತಿಹ್ಯವೊಂದನ್ನು ಹೋಲಿಸಿ ನೋಡಿ. ನಾಟಕಕಾರ ಸಾಫೊಕ್ಲೀಸನು ಮುಪ್ಪಿನಲ್ಲಿ ಮನೆತನದ ವ್ಯವಹಾರವನ್ನು ಕಡೆಗಣಿಸುತ್ತಿದ್ದಾನೆ, ಬುದ್ಧಿ ಕೆಟ್ಟಿದೆ ಎಂದು ಅವನ ಮಕ್ಕಳೇ ನ್ಯಾಯಾಲಯಕ್ಕೆ ಎಳೆದರಂತೆ. ತಾನು ಆಗತಾನೆ ಬರೆದಿದ್ದ ‘ಕೊಲೋನಸ್ಸಿನಲ್ಲಿ ಈಡಿಪಸ್’ ನಾಟಕವನ್ನು ಅವನು ಓದಿ ತೋರಿಸಿ ಬಿಡುಗಡೆ ಪಡೆದನೆಂದು ರೋಮಿನ ಸಿಸಿರೋ ವೃದ್ಧಾಪ್ಯವನ್ನು ಕುರಿತ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಕೇಳಲು ಸೊಗಸಾದ ಕಥೆ. ಆದರೆ ಕಾವ್ಯ ಓದಲಾರದ ಮುದುಕನ ಗತಿಯೇನು? ಬುದ್ಧಿ ಇದೆಯೆಂದು ಸಾಧಿಸಿ ತೋರಿಸಿದವನಿಗೆ ಮಾತ್ರ ಮಾನವೆಂದಾದರೆ, ಸಾಧಿಸಲಾರದವನ ಮಾನವನ್ನು ಕಾಯುವವರಾರು? ಸಾಫೊಕ್ಲೀಸನ ಕಥೆ ಮುಟ್ಟದ ಈ ಪ್ರಶ್ನೆಯನ್ನು ಲಿಯರ್ ನಾಟಕ ಮುಟ್ಟುತ್ತದೆ.

ಮಹಾಕೃತಿಯಾದರೂ ಇದರಲ್ಲೊಂದು ಕೊರತೆ ಇದೆ. ಕಾರ್ಡೀಲಿಯಳ ಶುಶ್ರೂಷೆ ನಮಗೆ ಕಾಣುವುದು ಒಂದೇ ಒಂದು ದೃಶ್ಯದಲ್ಲಿ. ನಿತ್ಯವೂ ಮೈ ತೊಳೆಸಿ, ತುತ್ತು ಉಣಿಸಿ, ಬೈಗುಳ ಉಂಡವರ ಕಥೆಯನ್ನು ಕವಿ ಬರೆಯಲಿಲ್ಲ. ಅದು ಲೀ ಗ್ರಾಮದ ಕಾರ್ಡೆಲಳ ಕಥೆ. ನಮ್ಮ ಮನೆಗಳ ಹಿರಿಸೊಸೆಯರ, ಮದುವೆಯಾಗದೆ ಉಳಿದ ಹೆಣ್ಣುಮಕ್ಕಳ ಕಥೆ. ದೂರದ ಪಟ್ಟಣದಿಂದ ಹಬ್ಬಕ್ಕೊಮ್ಮೆ ಬರುವ ಮಗ ಲೆಕ್ಕ ಕೇಳಿದಾಗ ಅಪರಾಧಿಯ ಸ್ಥಾನದಲ್ಲಿ ನಿಲ್ಲುವವರು ಅವರೇ. ಇನ್ನೊಂದು ಮಗ್ಗುಲೂ ಉಂಟು. ಹತ್ತಿರವಿರುವ ಮಕ್ಕಳೇ ಬಾಗಿಲು ಹಾಕಿಕೊಂಡು ಮುದುಕರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದೂ ಲೋಕದಲ್ಲಿ ನಡೆದಿದೆ. ಪಟ್ಟಿ ಮಾಡಗೊಡದ ಕಾರ್ಡೆಲಳ ಮೇಲೂ ಸಂಶಯ ಬಾರದಿರಲಿಲ್ಲ. ಲಾಭವಿಲ್ಲದ ಮೂರನೆಯವನ ಕೈಗೆ ಎಲ್ಲವನ್ನೂ ಒಪ್ಪಿಸಲು ಸಿದ್ಧಳಾದದ್ದೇ ಆ ಸಂಶಯಕ್ಕೆ ಅವಳು ಕೊಟ್ಟ ಉತ್ತರ.

ನಮ್ಮ ದೇಶದ ಕಾನೂನು ಇಲ್ಲಿ ಪೂರ್ಣ ಆಸರೆಯಾಗಿಲ್ಲ. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಪಾಲಕನನ್ನೂ ಆಸ್ತಿಯ ವ್ಯವಸ್ಥಾಪಕನನ್ನೂ ನೇಮಿಸುವ ಕ್ರಮವಿತ್ತು. ಅದರ ಸ್ಥಾನಕ್ಕೆ ಬಂದ 2017ರ ಕಾಯಿದೆ ಆಸ್ತಿಯ ಪಾಲಕತ್ವವನ್ನು ಹೇಳುವುದಿಲ್ಲ. ಆದಕಾರಣ ಅನೇಕ ಕುಟುಂಬಗಳು ಉಚ್ಚ ನ್ಯಾಯಾಲಯದ ಮೊರೆ ಹೋಗಬೇಕಾಗಿದೆ. ಆದರೂ ಈ ಕಾಯಿದೆಯಲ್ಲಿ ಒಂದು ಒಳಿತಿದೆ. ಮುಂದೆ ಮನಸ್ಸು ಕೆಟ್ಟರೆ ತನಗೆ ಎಂಥ ಚಿಕಿತ್ಸೆ ಆಗಬೇಕು, ತನ್ನ ಪರವಾಗಿ ಮಾತನಾಡುವ ಪ್ರತಿನಿಧಿ ಯಾರು ಎಂಬುದನ್ನು ಅರಿವಿರುವಾಗಲೇ ಬರೆದಿಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಪಾಲಕನು ಆ ವ್ಯಕ್ತಿಯೊಡನೆ ಕೂಡಿ ನಿರ್ಧರಿಸಬೇಕೆಂಬ ಮಿತಿಯನ್ನು ಹಾಕಿದೆ.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ನಿಮ್ಮಲ್ಲಿ ಅನೇಕರಿಗೆ ಈಗ ವೃದ್ಧರಾದ ತಂದೆತಾಯಿಗಳಿದ್ದಾರೆ. ಕೆಲವರು ಸ್ವತಃ ಮುಪ್ಪಿನ ಹೊಸ್ತಿಲಲ್ಲಿದ್ದೀರಿ. ಅರಿವು ಇರುವಾಗಲೇ ನಿಮ್ಮ ಇಚ್ಛೆಯನ್ನು ಮಕ್ಕಳೆಲ್ಲರನ್ನೂ ಒಟ್ಟಿಗೆ ಕೂರಿಸಿ ಹೇಳಿರಿ, ಬರೆದಿಡಿರಿ. ಪಾಲಕತ್ವವನ್ನು ಹೊತ್ತವರು ಲೆಕ್ಕವನ್ನು ತೆರೆದಿಡಿರಿ. ಲೆಕ್ಕ ಕೇಳುವವರು ಮೊದಲು ಒಂದು ತಿಂಗಳು ತಂದೆತಾಯಿಯ ಹಾಸಿಗೆಯ ಪಕ್ಕದಲ್ಲಿ ಮಲಗಿರಿ. ವ್ಯಾಜ್ಯ ತೀರದಿದ್ದರೆ ಲಾಭದ ಆಸೆಯಿಲ್ಲದ ಹಿರಿಯರೊಬ್ಬರನ್ನು ನಡುವೆ ಕೂರಿಸಿರಿ. ಮಾಡಿದೆನೆಂಬ ಭಾವವಿಲ್ಲದೆ, ಪಡೆದೇನೆಂಬ ಆಸೆಯಿಲ್ಲದೆ ಮಾಡುವ ಸೇವೆಗೆ ನಮ್ಮಲ್ಲಿ ದಾಸೋಹವೆಂಬ ಹೆಸರಿದೆ. ಹೆಸರು ಹೇಳಲೂ ಮರೆತ ವೃದ್ಧರ ಕೈ ಎದೆಯ ಮೇಲಿನ ಕರಡಿಗೆಯನ್ನು ತಾನಾಗಿ ಅರಸುವುದುಂಟು. ಆ ಕೈಯನ್ನು ಕಾಗದದ ಮೇಲೆ ಒತ್ತಿಸುವ ಮೊದಲು, ಅದು ಏನನ್ನು ಅರಸುತ್ತಿದೆಯೆಂದು ನೋಡುವ ತಾಳ್ಮೆ ನಮಗೆ ಬರಲಿ.