ಮೈನರಿನ ಸ್ವತ್ತು, ವಕೀಲರ ಫೀಸು ಮತ್ತು ಅಪೀಲಿನ ಹಕ್ಕು: ಒಂದು ವಿಮರ್ಶೆ

ಅಪ್ರಾಪ್ತವಯಸ್ಕರ ಪಾಲನೆಯನ್ನು ಕುರಿತ ವ್ಯಾಜ್ಯಗಳಲ್ಲಿ ವಕೀಲರ ಫೀಸಿನ ಭಾರವು ಅನೇಕವೇಳೆ ಮೈನರಿನ ಸ್ವತ್ತಿನ ಮೇಲೆಯೇ ಬೀಳುತ್ತದೆ. ಆ ಫೀಸು ಹೆಚ್ಚಾಯಿತೆಂದೋ ಅನಾವಶ್ಯಕವೆಂದೋ ತಕರಾರು ಹುಟ್ಟಿದರೆ ಮೇಲಿನ ನ್ಯಾಯಾಲಯಕ್ಕೆ ಹೋಗುವ ಹಕ್ಕು ಯಾರಿಗುಂಟು ಎಂಬ ಪ್ರಶ್ನೆ ಸಣ್ಣದೆಂದು ತೋರಬಹುದು. ತರಗತಿಯಲ್ಲಿ ‘ಮೈನರಿನ ಕ್ಷೇಮ’ವೆಂಬ ತತ್ತ್ವಕ್ಕೆ ಸಲ್ಲುವಷ್ಟು ಕಾಲ ಈ ಪ್ರಶ್ನೆಗೆ ಸಲ್ಲುವುದಿಲ್ಲ. ಆದರೆ ತತ್ತ್ವವು ಎಷ್ಟು ನಿಜವೆಂಬುದು ಹಣದ ಲೆಕ್ಕದಲ್ಲಿಯೇ ಗೊತ್ತಾಗುವುದರಿಂದ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟಿನ ಅಪೀಲು ವ್ಯವಸ್ಥೆಯನ್ನು ಈ ಒಂದು ದೃಷ್ಟಿಯಿಂದ ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದ ಆಸುಪಾಸಿನಲ್ಲಿ, ಒಬ್ಬ ರೈತನು ಸ್ವಂತ ದುಡಿಮೆಯಿಂದ ಕೊಂಡ ಮೂರು ಎಕರೆ ಹೊಲವನ್ನು ಬಿಟ್ಟು ತೀರಿಕೊಂಡನೆಂದೂ, ಅವನ ಹೆಂಡತಿ ಮೊದಲೇ ಗತಿಸಿದ್ದಳೆಂದೂ, ಒಂಬತ್ತು ವರ್ಷದ ಮಗಳ ಹೊರತು ಬೇರೆ ವಾರಸುದಾರರಿಲ್ಲವೆಂದೂ ಭಾವಿಸೋಣ. ದೊಡ್ಡಪ್ಪನೂ ಸೋದರಮಾವನೂ ತಾವೇ ಪಾಲಕರಾಗಬೇಕೆಂದು ಚಾಮರಾಜನಗರದ ನ್ಯಾಯಾಲಯದಲ್ಲಿ ಅರ್ಜಿ ಹಾಕುತ್ತಾರೆ. (1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಮುಂಚೆ ಈ ಸೀಮೆಯು ಮೈಸೂರು ಜಿಲ್ಲೆಗೆ ಸೇರಿತ್ತು.) ಎರಡು ವರ್ಷ ವ್ಯಾಜ್ಯ ನಡೆದು ಸೋದರಮಾವನು ಪಾಲಕನಾಗಿ ನೇಮಕಗೊಳ್ಳುತ್ತಾನೆ. ಬಳಿಕ ಅವನು, ತನ್ನ ವಕೀಲರಿಗೆ ಸಲ್ಲಬೇಕಾದ ಫೀಸನ್ನು ತೀರಿಸಲು ಹೊಲದಲ್ಲಿ ಒಂದು ಎಕರೆಯನ್ನು ಮಾರಲು ಅನುಮತಿ ಬೇಡುತ್ತಾನೆ. ನ್ಯಾಯಾಲಯವು ಅನುಮತಿಯನ್ನು ಕೊಡುತ್ತದೆ. ಈ ಆಜ್ಞೆ ಸರಿಯೇ ಎಂದು ಹೈಕೋರ್ಟಿನಲ್ಲಿ ಕೇಳುವವರು ಯಾರು?

ಮೊದಲು, ಫೀಸು ಮೈನರಿನ ಸ್ವತ್ತಿಗೆ ತಗಲುವುದು ಯಾವ ಆಧಾರದ ಮೇಲೆ ಎಂಬುದನ್ನು ನೋಡಬೇಕು. ಮೈನರಿನ ಕರಾರು ಆರಂಭದಿಂದಲೇ ಶೂನ್ಯವೆಂದು ಪ್ರಿವಿ ಕೌನ್ಸಿಲು 1903ರಲ್ಲಿ ಮೊಹೋರಿ ಬೀಬಿಯ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಆದ್ದರಿಂದ ವಕೀಲನು ಕರಾರಿನ ಬಲದಿಂದ ಮಗುವನ್ನು ಕೇಳಲಾರನು. ಆದರೆ ಕರಾರು ಅಧಿನಿಯಮದ 68ನೆಯ ಕಲಮಿನಂತೆ ಮೈನರಿಗೆ ಒದಗಿಸಿದ ಅವಶ್ಯಕ ವಸ್ತುಗಳ ಬೆಲೆಯನ್ನು ಅವನ ಸ್ವತ್ತಿನಿಂದ ಪಡೆಯಬಹುದು. ಮೈನರಿನ ಸ್ವತ್ತನ್ನು ಉಳಿಸಲು ನಡೆಸಿದ ವ್ಯಾಜ್ಯದ ಖರ್ಚೂ ಅಂಥ ಅವಶ್ಯಕತೆಯೇ ಎಂದು ಕಲ್ಕತ್ತೆಯ ಹೈಕೋರ್ಟು 1881ರಷ್ಟು ಹಿಂದೆಯೇ ಹೇಳಿತು. ಇದಕ್ಕೂ ಹಿಂದೆ, 1856ರ ಹನುಮಾನ್ ಪ್ರಸಾದ್ ಪಾಂಡೆಯ ಪ್ರಸಿದ್ಧ ತೀರ್ಪಿನಲ್ಲಿ ಪ್ರಿವಿ ಕೌನ್ಸಿಲು, ಮೈನರಿನ ಆಸ್ತಿಯನ್ನು ನೋಡಿಕೊಳ್ಳುವವನ ಅಧಿಕಾರವು ಮಿತವಾದದ್ದೆಂದೂ, ಅವಶ್ಯಕತೆಯೇ ಅದರ ಮೇರೆಯೆಂದೂ ನಿರ್ಣಯಿಸಿತ್ತು. ಹೀಗೆ, ಮಗುವಿನ ಹಿತಕ್ಕಾಗಿ ನಡೆದ ವ್ಯಾಜ್ಯದ ಫೀಸು ಮಗುವಿನ ಸ್ವತ್ತಿಗೆ ಸೇರತಕ್ಕದ್ದೆಂಬುದು ನಿರ್ವಿವಾದ. ಪಾಲಕನು ತನ್ನ ಪಟ್ಟಕ್ಕಾಗಿ ಹೋರಾಡಿದ ಖರ್ಚು ಅದೇ ವರ್ಗಕ್ಕೆ ಸೇರುವುದೇ ಎಂಬುದು ಪ್ರತಿಯೊಂದು ಮೊಕದ್ದಮೆಯಲ್ಲಿಯೂ ಪರೀಕ್ಷಿಸಬೇಕಾದ ಸಂಗತಿ. ಅಪೀಲು ಅವಶ್ಯಕವಾಗುವುದು ಇಲ್ಲಿಯೇ.

ಆಕ್ಟಿನ 47ನೆಯ ಕಲಮು ಅಪೀಲಿಗೆ ಅರ್ಹವಾದ ಆಜ್ಞೆಗಳನ್ನು ಹತ್ತು ಉಪಖಂಡಗಳಲ್ಲಿ ಎಣಿಸಿಕೊಡುತ್ತದೆ: ಪಾಲಕನ ನೇಮಕ ಅಥವಾ ಅದರ ನಿರಾಕರಣೆ, ಪಾಲಕನನ್ನು ತೆಗೆದುಹಾಕುವುದು, ಪಾಲ್ಯನನ್ನು ಪಾಲಕನ ವಶಕ್ಕೆ ಒಪ್ಪಿಸುವುದು, ದಂಡ ವಿಧಿಸುವುದು ಇತ್ಯಾದಿ. ಇವುಗಳಲ್ಲಿ ಒಂದು ಉಪಖಂಡವನ್ನು ವಿದ್ಯಾರ್ಥಿಗಳು ನಿಧಾನವಾಗಿ ಓದಬೇಕು. 29ನೆಯ ಕಲಮಿನ ಕೆಳಗೆ ಸ್ವತ್ತಿನ ಪರಭಾರೆಗೆ ಅನುಮತಿಯನ್ನು ನಿರಾಕರಿಸಿದ ಆಜ್ಞೆಗೆ ಅಪೀಲುಂಟು. ಅನುಮತಿ ಕೊಟ್ಟ ಆಜ್ಞೆಗೆ ಇಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ 8ನೆಯ ಕಲಮು ಸಹಜಪಾಲಕರ ವಿಷಯದಲ್ಲಿ ಇದೇ ದಾರಿಯನ್ನು ಹಿಡಿಯಿತು. ಅಲ್ಲಿಯೂ ಅಪೀಲು ನಿರಾಕರಣೆಗೆ ಮಾತ್ರ. ಎಂದರೆ, ಹೊಲವನ್ನು ಮಾರಬೇಕೆನ್ನುವವನ ಕೈಗೆ ಅಪೀಲನ್ನು ಕೊಟ್ಟು, ಮಾರಬಾರದೆನ್ನುವವರ ಕೈಯಿಂದ ಅದನ್ನು ಕಿತ್ತುಕೊಂಡಂತಾಯಿತು. ಮೈನರಿನ ರಕ್ಷಣೆಗೆಂದು ಹುಟ್ಟಿದ ಶಾಸನದಲ್ಲಿ ಇದು ವಿಪರ್ಯಾಸವೇ ಸರಿ.

ಫೀಸಿನ ಆಜ್ಞೆಯ ಸ್ಥಿತಿ ಇನ್ನೂ ಶೋಚನೀಯ. 49ನೆಯ ಕಲಮಿನಂತೆ, ಹೈಕೋರ್ಟಿನ ನಿಯಮಗಳಿಗೊಳಪಟ್ಟು, ಖರ್ಚಿನ ವಿಷಯವು ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ಪಾಲಕನ ಶ್ರಮಕ್ಕೆ ಸಂಭಾವನೆ ಗೊತ್ತುಮಾಡುವುದು 22ನೆಯ ಕಲಮು. ಸ್ವತ್ತಿನ ಆಡಳಿತದಲ್ಲಿ ಪಾಲಕನು ನ್ಯಾಯಾಲಯದ ಸಲಹೆ ಕೇಳುವುದು 33ನೆಯದು. ಲೆಕ್ಕ ಒಪ್ಪಿಸುವುದು 34ನೆಯದು. ಈ ನಾಲ್ಕರಲ್ಲಿ ಒಂದೂ 47ನೆಯ ಕಲಮಿನ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ ಆಜ್ಞೆಗಳು ಅಂತಿಮವೆಂದೂ, ದಾವೆಯಿಂದಾಗಲಿ ಬೇರೆ ವಿಧದಿಂದಾಗಲಿ ಅವುಗಳನ್ನು ಪ್ರಶ್ನಿಸಕೂಡದೆಂದೂ, ರಿವಿಜನ್ ಒಂದನ್ನು ಮಾತ್ರ ಉಳಿಸಿಕೊಂಡು, 48ನೆಯ ಕಲಮು ಸಾರುತ್ತದೆ. ನೇಮಕದ ಆಜ್ಞೆಯಲ್ಲಿಯೇ ಖರ್ಚಿನ ಮಾತು ಸೇರಿದ್ದರೆ ನೇಮಕದ ವಿರುದ್ಧದ ಅಪೀಲಿನಲ್ಲಿ ಅದನ್ನೂ ಎತ್ತಬಹುದು. ಪ್ರತ್ಯೇಕವಾಗಿ ಹೊರಟ ಫೀಸಿನ ಆಜ್ಞೆಗೆ ಆ ಆಶ್ರಯವೂ ಇಲ್ಲ.

ಇಲ್ಲಿ ಇನ್ನೊಂದು ಅಸಂಗತಿಯುಂಟು. ಪಾಲಕನ ನಡವಳಿಕೆಯನ್ನು ನಿಯಂತ್ರಿಸುವ ಆಜ್ಞೆಯನ್ನು 43ನೆಯ ಕಲಮಿನಂತೆ ನ್ಯಾಯಾಲಯವು ಆಸಕ್ತರ ಅರ್ಜಿಯ ಮೇಲಾಗಲಿ ಸ್ವಯಂಪ್ರೇರಣೆಯಿಂದಾಗಲಿ ಮಾಡಬಹುದು, ಅದಕ್ಕೆ ಅಪೀಲುಂಟು. ‘ಪಾಲಕನು ವಕೀಲರಿಗೆ ಇಂತಿಷ್ಟಕ್ಕಿಂತ ಹೆಚ್ಚು ಕೊಡಕೂಡದು’ ಎಂದು 43ನೆಯ ಕಲಮಿನ ಕೆಳಗೆ ಬರೆದರೆ ಆ ಆಜ್ಞೆ ಹೈಕೋರ್ಟಿಗೆ ಹೋಗಬಲ್ಲುದು. ‘ಖರ್ಚಾಗಿ ಇಂತಿಷ್ಟು ಕೊಡತಕ್ಕದ್ದು’ ಎಂದು 49ನೆಯ ಕಲಮಿನ ಕೆಳಗೆ ಬರೆದರೆ ಹೋಗಲಾರದು. ಹಣವೂ ಒಂದೇ, ಮಗುವೂ ಒಂದೇ. ಅಪೀಲಿನ ಹಕ್ಕು ಮಾತ್ರ ಆಜ್ಞೆಯ ತಲೆಬರಹವನ್ನು ಅವಲಂಬಿಸಿದೆ. ಸಾರಕ್ಕಿಂತ ರೂಪಕ್ಕೆ ಪ್ರಾಧಾನ್ಯ ಕೊಡುವ ಇಂಥ ವ್ಯವಸ್ಥೆಯನ್ನು ಸಮರ್ಥಿಸುವುದು ಕಷ್ಟ.

ಉಳಿದಿರುವ ಮಾರ್ಗಗಳಾದರೂ ಸಮರ್ಪಕವೇ? ರಿವಿಜನ್ ಎಂಬುದು ಅಧಿಕಾರವ್ಯಾಪ್ತಿಯ ದೋಷಗಳಿಗೆ ಸೀಮಿತವಾದದ್ದು. ಫೀಸು ದುಬಾರಿಯೆಂಬುದು ಅಂಥ ದೋಷವಲ್ಲ. ಅದಲ್ಲದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 115ನೆಯ ಕಲಮಿಗೆ 1999ರಲ್ಲಿ ಆಗಿ 2002ರ ಜುಲೈನಲ್ಲಿ ಜಾರಿಗೆ ಬಂದ ತಿದ್ದುಪಡಿಯು, ಅರ್ಜಿದಾರನ ಪರವಾಗಿ ಆಜ್ಞೆಯಾಗಿದ್ದರೆ ನಡವಳಿಯೇ ಮುಗಿದುಹೋಗುತ್ತಿತ್ತೆನ್ನುವ ಸಂದರ್ಭಕ್ಕೆ ರಿವಿಜನ್ನನ್ನು ಕುಗ್ಗಿಸಿತು. ಸಂವಿಧಾನದ 227ನೆಯ ಅನುಚ್ಛೇದದ ಮೇಲ್ವಿಚಾರಣಾಧಿಕಾರವು ಹೈಕೋರ್ಟಿಗೆ ಇದ್ದೇ ಇದೆ. ಆದರೆ ಅದು ವಿರಳವಾಗಿ ಬಳಸಬೇಕಾದ ಅಧಿಕಾರವೇ ಹೊರತು ಲೆಕ್ಕವನ್ನು ಕಲಂವಾರು ಪರಿಶೀಲಿಸುವ ಅಪೀಲಲ್ಲ. ಪಾಲಕನ ಮೇಲೆ ಲೆಕ್ಕಕ್ಕಾಗಿ ದಾವೆ ಹೂಡಲು 35, 36ನೆಯ ಕಲಮುಗಳು ಅವಕಾಶ ಕೊಡುತ್ತವೆ ನಿಜ. ಆದರೆ ನ್ಯಾಯಾಲಯವೇ ಮಂಜೂರು ಮಾಡಿದ ಖರ್ಚನ್ನು ಆ ದಾವೆಯಲ್ಲಿ ಅಲ್ಲಗಳೆಯಹೊರಟರೆ 48ನೆಯ ಕಲಮು ಅಡ್ಡ ನಿಲ್ಲುತ್ತದೆ. ನಮ್ಮ ನಿದರ್ಶನದ ಹುಡುಗಿ ಹದಿನೆಂಟು ತುಂಬಿ ಹೊಲದ ಬದುವಿಗೆ ಬರುವ ಹೊತ್ತಿಗೆ ಆ ಒಂದು ಎಕರೆ ಬೇರೊಬ್ಬರ ಹೆಸರಿನಲ್ಲಿರುತ್ತದೆ.

1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದೊಡನೆ ಹೋಲಿಸಿದರೆ ಈ ಕೊರತೆಯು ಇನ್ನೂ ಎದ್ದುಕಾಣುತ್ತದೆ. ಮೈನರಿನ ಶರೀರದ ಪಾಲಕತ್ವ ಮತ್ತು ವಶದ ವ್ಯಾಜ್ಯಗಳು ಆ ನ್ಯಾಯಾಲಯಗಳಿಗೆ ಸೇರಿವೆ. ಸ್ವತ್ತಿನ ಪಾಲಕತ್ವವು ಸೇರಿಲ್ಲ. ಅದರ 19ನೆಯ ಕಲಮಿನಂತೆ, ಮಧ್ಯಂತರವಲ್ಲದ ಪ್ರತಿಯೊಂದು ಆಜ್ಞೆಗೂ, ಸಂಗತಿ ಮತ್ತು ಕಾನೂನು ಎರಡರ ಮೇಲೂ, ಮೂವತ್ತು ದಿನಗಳೊಳಗೆ ಹೈಕೋರ್ಟಿಗೆ ಅಪೀಲುಂಟು. ಅಲ್ಲಿ ವಕೀಲರ ಮೂಲಕ ವಾದಿಸುವುದು ಪಕ್ಷಗಾರರ ಹಕ್ಕೆಂದು ಸಹ ಎಣಿಸಿಲ್ಲ. ಮಗು ಯಾರ ಮನೆಯಲ್ಲಿರಬೇಕೆಂಬ ವ್ಯಾಜ್ಯಕ್ಕೆ ವಿಶಾಲವಾದ ಅಪೀಲು, ಮಗುವಿನ ಹೊಲ ಯಾರ ಕೈಸೇರಬೇಕೆಂಬುದಕ್ಕೆ 1890ರ ಇಕ್ಕಟ್ಟಾದ ಪಟ್ಟಿ—ಈ ಭೇದಕ್ಕೆ ತಕ್ಕ ಕಾರಣವು ಕಾಣುವುದಿಲ್ಲ.

ಮಗುವಿಗೆ ಸ್ವಂತ ದನಿಯಿಲ್ಲದಿರುವುದೇ ಈ ತೊಡಕಿನ ಮೂಲ. ನಮ್ಮ ಕಾನೂನಿಗೆ ಇಂಥ ತೊಡಕು ಹೊಸದಲ್ಲ. ಬೆಟ್ಟದ ಮೇಲೆ ಮಂಜಿನ ನಡುವೆ ನಿಂತ ಗೋಪಾಲಸ್ವಾಮಿಯನ್ನು ಭಕ್ತರು ಜಗತ್ಪಾಲಕನೆಂದು ಕೈಮುಗಿದರೆ, ಕಾನೂನು ಪ್ರತಿಷ್ಠಿತ ದೇವತಾಮೂರ್ತಿಯನ್ನು ಸ್ವತ್ತು ಹೊಂದಬಲ್ಲ ವ್ಯಕ್ತಿಯೆಂದೂ, ತನ್ನ ಹಿತವನ್ನು ತಾನೇ ನೋಡಿಕೊಳ್ಳಲಾರದ ಮೈನರಿಗೆ ಸಮಾನನೆಂದೂ ಕಾಣುತ್ತದೆ. ದೇವರ ಸ್ವತ್ತಿನ ಆಡಳಿತಗಾರನು ವ್ಯಾಜ್ಯದ ರಕ್ಷಣೆಗಾಗಿ ಸಾಲ ಮಾಡಬಹುದೆಂದು ಪ್ರಿವಿ ಕೌನ್ಸಿಲು 1875ರಲ್ಲಿ ಪ್ರಸನ್ನ ಕುಮಾರಿಯ ಮೊಕದ್ದಮೆಯಲ್ಲಿ ಒಪ್ಪಿದ್ದು ಮೈನರಿನ ಪಾಲಕನ ಸಾದೃಶ್ಯದಿಂದಲೇ. ಆದರೆ ಆಡಳಿತಗಾರನೇ ದೇವರ ಹಿತಕ್ಕೆ ಎದುರಾದಾಗ ಭಕ್ತನೊಬ್ಬನು ದೇವರ ಪರವಾಗಿ ದಾವೆ ಹೂಡಬಹುದೆಂದು ಸುಪ್ರೀಂ ಕೋರ್ಟು 1967ರಲ್ಲಿ ವಿಶ್ವನಾಥನ ಮೊಕದ್ದಮೆಯಲ್ಲಿ ಹೇಳಿತು. ಮೈನರಿನ ಹಿತಕ್ಕೆ ವಿರೋಧವಾದ ಹಿತವುಳ್ಳವನು ದಾವೆಯಲ್ಲಿ ಅವನ ಪಾಲಕನಾಗಕೂಡದೆಂದು ಸಿವಿಲ್ ಸಂಹಿತೆಯ 32ನೆಯ ಆದೇಶವೂ ವಿಧಿಸುತ್ತದೆ. ತನ್ನ ವಕೀಲನ ಫೀಸನ್ನು ಮಗುವಿನ ಹೊಲದಿಂದ ತೀರಿಸಬೇಕೆನ್ನುವ ಪಾಲಕನು, ಆ ಒಂದು ವಿಷಯದಲ್ಲಿ, ವಿರೋಧಹಿತವುಳ್ಳವನೇ. ತತ್ತ್ವವು ಅಂಗೀಕೃತವಾಗಿದೆ, ಅದು ಅಪೀಲಿನ ಅಧ್ಯಾಯದವರೆಗೆ ಬಂದಿಲ್ಲ, ಅಷ್ಟೆ.

ಇಂಗ್ಲೆಂಡಿನ ಇಂದಿನ ಸಿವಿಲ್ ಪ್ರಕ್ರಿಯಾ ನಿಯಮಗಳಲ್ಲಿ, ಮಗುವಿನ ಹಣದಿಂದ ಸಲ್ಲುವ ಖರ್ಚನ್ನು ನ್ಯಾಯಾಲಯವು ವಿವರವಾಗಿ ಬೆಲೆಕಟ್ಟಿಸತಕ್ಕದ್ದೆಂಬುದು ಸಾಮಾನ್ಯ ನಿಯಮ. ಅಧಿಕಾರಿಯು ಕಟ್ಟಿದ ಬೆಲೆಯ ಮೇಲೆ ನ್ಯಾಯಾಧೀಶರಿಗೆ ಅಪೀಲೂ ಉಂಟು. ನಮ್ಮಲ್ಲಿ ವೃತ್ತಿಧರ್ಮದ ನಿಯಮಗಳು ಸ್ವಲ್ಪಮಟ್ಟಿಗೆ ಕಾವಲಾಗಿವೆ. ಫಲವನ್ನು ಅವಲಂಬಿಸಿದ ಫೀಸನ್ನು ಭಾರತೀಯ ವಕೀಲರ ಪರಿಷತ್ತು ನಿಷೇಧಿಸಿದೆ. ಅಪಘಾತದ ಪರಿಹಾರಕ್ಕೆ ಸಂಬಂಧಿಸಿದ ತೆಲಂಗಾಣದ ಒಂದು ಮೊಕದ್ದಮೆಯಲ್ಲಿ, ಬಂದ ಹಣದಲ್ಲಿ ಶೇಕಡಾವಾರು ಫೀಸು ಕೇಳುವುದು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ಹೇಳಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಮಕ್ಕಳೆಲ್ಲರೂ ಉಚಿತ ಕಾನೂನು ನೆರವಿಗೆ ಅರ್ಹರು. ಆದರೆ ಇವು ಫೀಸು ಹುಟ್ಟುವ ಮೊದಲಿನ ರಕ್ಷಣೆಗಳು. ಆಜ್ಞೆಯಾದ ಮೇಲಿನ ಪರಿಹಾರಗಳಲ್ಲ.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವುಂಟು. ಫೀಸಿನ ಮೇಲೆ ಅಪೀಲು ಕೊಟ್ಟರೆ ಅಪೀಲಿಗೂ ಫೀಸು ಬೇಕಾಗುತ್ತದೆ. ಬೆಂಗಳೂರಿಗೆ ಅಲೆದು ಒಂದು ಎಕರೆಯನ್ನು ಉಳಿಸಲು ಇನ್ನರ್ಧ ಎಕರೆಯನ್ನು ಕಳೆದಂತಾಗಬಹುದು. 1890ರ ಶಾಸನಕರ್ತರು ಪಟ್ಟಿಯನ್ನು ಚಿಕ್ಕದಾಗಿಟ್ಟದ್ದಕ್ಕೆ ವ್ಯಾಜ್ಯ ಬೆಳೆಯಬಾರದೆಂಬ ಸಮರ್ಥನೆಯನ್ನು ಕೊಡಬಹುದು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರಿಂದ ಸಿದ್ಧವಾಗುವುದು ಅಪೀಲು ಅಗ್ಗವಾಗಬೇಕೆಂಬುದೇ ಹೊರತು ಅಪೀಲು ಬೇಡವೆಂಬುದಲ್ಲ. ಅಪೀಲಿನ ಖರ್ಚು ಮಗುವಿನ ಸ್ವತ್ತಿಗೆ ತಗಲದಂತೆ ಕಟ್ಟುಮಾಡಬಹುದು. ಕಾನೂನು ನೆರವಿನ ವಕೀಲರಿಂದ ಅದನ್ನು ನಡೆಸಬಹುದು.

ಆದ್ದರಿಂದ ಮೂರು ಸೂಚನೆಗಳನ್ನು ಮಾಡಬಹುದು. ಮೊದಲನೆಯದಾಗಿ, 47ನೆಯ ಕಲಮಿನಲ್ಲಿ ‘ನಿರಾಕರಿಸುವ’ ಎಂಬ ಮಾತಿನೊಡನೆ ‘ಕೊಡುವ’ ಎಂಬ ಮಾತೂ ಸೇರಬೇಕು. ಪಾಲ್ಯನ ಸ್ವತ್ತಿನಿಂದ ವಕೀಲರ ಫೀಸನ್ನು ಮಂಜೂರು ಮಾಡುವ ಆಜ್ಞೆಗೆ ಪ್ರತ್ಯೇಕವಾದ ಉಪಖಂಡವಿರಬೇಕು. ಎರಡನೆಯದಾಗಿ, ತಿದ್ದುಪಡಿಯಾಗುವವರೆಗೆ ನ್ಯಾಯಾಧೀಶರು ಫೀಸಿನ ಪ್ರಶ್ನೆಯನ್ನು 43ನೆಯ ಕಲಮಿನ ಕೆಳಗೆ, ಕಾರಣಗಳನ್ನು ಬರೆದು, ತೀರ್ಮಾನಿಸುವುದು ಮೇಲು. ಯಾವ ಕೆಲಸಕ್ಕೆ ಎಷ್ಟು, ಅದು ಮಗುವಿನ ಹಿತಕ್ಕೋ ಪಾಲಕನ ಪಟ್ಟಕ್ಕೋ ಎಂಬುದು ಆಜ್ಞೆಯಲ್ಲಿ ಕಾಣಬೇಕು. ಮೂರನೆಯದಾಗಿ, 1929ರಲ್ಲಿ ಸೇರಿದ 34-ಎ ಕಲಮಿನಂತೆ ಲೆಕ್ಕವನ್ನು ಪರಿಶೋಧಿಸಲು ಒಬ್ಬರನ್ನು ನೇಮಿಸುವ ಅಧಿಕಾರವನ್ನು, ದೊಡ್ಡ ಮೊತ್ತದ ಫೀಸು ಲೆಕ್ಕಕ್ಕೆ ಬಂದಾಗಲಾದರೂ, ಬಳಸಬೇಕು.

2015ರಲ್ಲಿ ಕಾನೂನು ಆಯೋಗವು ಪಾಲಕತ್ವವನ್ನು ಕುರಿತು ಕೊಟ್ಟ 257ನೆಯ ವರದಿಯ ಮುಖ್ಯ ಗಮನವು ಮಕ್ಕಳ ವಶ ಮತ್ತು ಕ್ಷೇಮದ ಮೇಲಿತ್ತು. ಅದು ಯೋಗ್ಯವೇ. ಆದರೆ ಕ್ಷೇಮವೆಂಬುದು ಮಗು ಯಾರ ಮಡಿಲಲ್ಲಿ ಬೆಳೆಯುತ್ತದೆಂಬುದರಲ್ಲಿ ಮಾತ್ರ ಇಲ್ಲ. ಬೆಳೆದು ನಿಂತಾಗ ಅದರ ಕಾಲಕೆಳಗೆ ಎಷ್ಟು ನೆಲ ಉಳಿದಿದೆ ಎಂಬುದರಲ್ಲಿಯೂ ಇದೆ. ಆ ನೆಲವು ಮಗುವನ್ನು ಕಾಯುವ ಖರ್ಚಿನಲ್ಲಿಯೇ ಕರಗಿತೆಂದರೆ, ಹಾಗೇಕಾಯಿತೆಂದು ಕೇಳುವ ಒಂದು ಬಾಗಿಲನ್ನಾದರೂ ಕಾನೂನು ತೆರೆದಿಟ್ಟಿರಬೇಕು.