ಬಳ್ಳಿಯ ದಂಟು: ಕಲ್ಲಿನಲ್ಲಿ, ಲೋಹದಲ್ಲಿ, ನೂಲಿನಲ್ಲಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಿಬಂದವರು ಅದರ ತಳಭಾಗದ ಆನೆಗಳ ಸಾಲನ್ನು ಮರೆಯಲಾರರು. ಅದರ ಮೇಲಣ ಸಿಂಹಗಳು, ಕುದುರೆ ಸವಾರರು, ಪುರಾಣ ಕಥೆಗಳೂ ನೆನಪಿನಲ್ಲಿ ಉಳಿಯುತ್ತವೆ. ಇವುಗಳ ನಡುವೆ ಹರಿದಿರುವ ಬಳ್ಳಿಯ ಪಟ್ಟಿಕೆಯ ಮುಂದೆ ತಾವು ಎಷ್ಟು ಹೊತ್ತು ನಿಂತಿರಿ? ನಮ್ಮ ವಿಮರ್ಶಕರೂ ಅದನ್ನು ‘ಅಲಂಕಾರ’ವೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹೂವನ್ನು ವರ್ಣಿಸುವವರು ಹಲವರು. ದಂಟನ್ನು ವಿಚಾರಿಸುವವರು ವಿರಳ.

ಆ ಬಳ್ಳಿ ಯಾವ ಜಾತಿಯದೆಂದು ಕೇಳಿದರೆ ಉತ್ತರ ದೊರೆಯದು. ಆದರೆ ಅದರ ನಡೆ ಮಾತ್ರ ನಿಜವಾದ ಬಳ್ಳಿಯದೇ. ಅದು ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಬಳುಕಿದೆಡೆಯಲ್ಲಿ ಕವಲೊಡೆದು ಒಳಕ್ಕೆ ಸುರುಳಿಗೊಳ್ಳುತ್ತದೆ. ತೋಟದ ಹೀರೆಯ ಕುಡಿಯನ್ನು ಗಮನಿಸಿರಿ. ಆಸರೆಯ ಕಡ್ಡಿ ಸೋಕಿದೊಡನೆ ಅದರ ಹೊರಮೈ ಒಳಮೈಗಿಂತ ಹೆಚ್ಚು ಬೆಳೆಯುತ್ತದೆ. ಅದರಿಂದಲೇ ಕುಡಿ ಬಾಗಿ ಕಡ್ಡಿಯನ್ನು ಸುತ್ತುತ್ತದೆ. 12ನೆಯ ಶತಮಾನದ ಶಿಲ್ಪಿ ಕಾರಣವನ್ನು ಅರಿಯದಿದ್ದರೂ ಬಾಗುವಿಕೆಯನ್ನು ಕಂಡಿದ್ದನು. ಮೆದುವಾದ ಬಳಪದ ಕಲ್ಲು ಅವನ ಉಳಿಗೆ ಒದಗಿತು.

ಬೀದರಿನಲ್ಲಿ ದಂಟೆಂದರೆ ಬೆಳ್ಳಿಯ ತಂತಿಯೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕಹೊಯ್ದ ಪಾತ್ರೆಯ ಮೇಲೆ ಸಣ್ಣ ಉಳಿಯಿಂದ ಗೀರು ತೋಡಿ, ಅದರಲ್ಲಿ ತಂತಿಯನ್ನಿಟ್ಟು ಬಡಿಯುತ್ತಾರೆ. ಕೋಟೆಯ ಮಣ್ಣಿನ ದ್ರಾವಣದಲ್ಲಿ ಲೋಹ ಕಪ್ಪಾದರೂ ಬೆಳ್ಳಿಯ ಬಳ್ಳಿ ಬೆಳ್ಳಗೇ ಉಳಿಯುತ್ತದೆ.

ಇವೆರಡಕ್ಕಿಂತಲೂ ಧಾರವಾಡ ಸೀಮೆಯ ಕಸೂತಿ ನಮ್ಮ ವಿಚಾರಕ್ಕೆ ಹೆಚ್ಚು ಸಲ್ಲುತ್ತದೆ. ಅಲ್ಲಿ ನಕ್ಷೆಯನ್ನು ಬಟ್ಟೆಯ ಮೇಲೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹೊಲಿಯುತ್ತಾರೆ. ಆದುದರಿಂದ ದಂಟು ಬಳುಕದೆ ನೆಟ್ಟಗೆ ನಡೆಯುತ್ತದೆ, ಇಲ್ಲವೆ ಮುರಗಿ ಹೊಲಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗವಂತಿಯ ಕ್ರಮವಂತೂ ಆಶ್ಚರ್ಯಕರವಾದುದು. ಸೂಜಿಯು ಒಂದೆಡೆ ಬಿಟ್ಟು ಒಂದೆಡೆ ಹಾಕುತ್ತ ದಂಟನ್ನೇರಿ, ಕವಲಿಗೆ ಹೊರಳಿ, ಎಲೆಯ ತುದಿಯನ್ನು ಮುಟ್ಟಿ, ಬಿಟ್ಟ ಎಡೆಗಳನ್ನು ತುಂಬುತ್ತ ಮರಳಿ ದಂಟಿಗೆ ಬರಬೇಕು. ಎಲ್ಲಿಯೂ ಗಂಟಿಲ್ಲ, ಬಟ್ಟೆಯ ಎರಡು ಮುಖಗಳೂ ಒಂದೇ. ಹೋಗುವಾಗ ಒಂದು ಕವಲು ತಪ್ಪಿತೆಂದರೆ ಬರುವಾಗ ದಾರಿಯೇ ಇರದು. ಓದುಬರಹ ಕಲಿಯದ ಎಷ್ಟೋ ತಾಯಂದಿರು ಈ ಲೆಕ್ಕವನ್ನು ಬಾಯಿಲೆಕ್ಕದಷ್ಟೇ ಸಲೀಸಾಗಿ ನಡೆಸಿದರು. ಇದನ್ನು ಬರಿಯ ‘ಹೆಂಗಸರ ಕೈಗೆಲಸ’ವೆಂದು ಬದಿಗೊತ್ತಿದುದು ವಿಮರ್ಶೆಗೆ ಶೋಭೆಯಲ್ಲ.

ಇಂದು ಕಸೂತಿಯ ಹೆಸರಿನಲ್ಲಿ ಯಂತ್ರದ ಹೊಲಿಗೆಯೂ ಅಚ್ಚೊತ್ತಿದ ಬಟ್ಟೆಯೂ ಮಾರಾಟವಾಗುತ್ತಿವೆ. ಅಗ್ಗವೆಂದು ಕೊಳ್ಳುವವರನ್ನು ನಾವು ದೂರುವುದಿಲ್ಲ. ತೇರು, ಗೋಪುರ, ತುಳಸಿಕಟ್ಟೆಗಳ ಆಕಾರವೂ ಅವುಗಳಲ್ಲಿ ತಪ್ಪಿರುವುದಿಲ್ಲ. ಆದರೆ ಸೆರಗನ್ನು ತಿರುವಿ ನೋಡಿರಿ. ಅಚ್ಚಿನ ಹಿಂದೆ ಹೊಲಿಗೆಯೇ ಇಲ್ಲ. ಯಂತ್ರದ ಹಿಂದೆ ಇರುವುದು ಬೇರೊಂದು ದಾರ. ಮೇಲಿನ ನೂಲು ಕೆಳಗಿನ ನೂಲನ್ನು ಕೊಕ್ಕೆಯಂತೆ ಹಿಡಿದಿರುತ್ತದೆಯೇ ಹೊರತು ಒಂದೇ ನೂಲು ದಂಟನ್ನೇರಿ ಹಿಂದಿರುಗಿರುವುದಿಲ್ಲ.