ಅರಗಿನ ತಟ್ಟೆಯಲ್ಲಿ ಉಳಿದ ಮೆಟ್ನರ್

ಜಯಚಾಮರಾಜ ಒಡೆಯರೆಂದರೆ ಹೊರನಾಡಿನಲ್ಲಿರುವ ನಮಗೆ ಮೊದಲು ನೆನಪಾಗುವುದು ದಸರೆಯ ಅಂಬಾರಿ. ಸಂಗೀತ ಬಲ್ಲವರಿಗಾದರೆ ‘ಶ್ರೀವಿದ್ಯಾ’ ಅಂಕಿತದ ಕೃತಿಗಳು. ಇದೇ ಮಹಾರಾಜರು ಪಿಯಾನೋವನ್ನು ಶ್ರದ್ಧೆಯಿಂದ ಕಲಿತಿದ್ದರೆಂಬುದೂ, 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿಕೊಂಡಿತೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಪಿಯಾನೋ ವಾದಕ ತನ್ನ ಕೃತಿಗಳನ್ನು ತಾನೇ ನುಡಿಸಿದ ಧ್ವನಿಮುದ್ರಿಕೆಗಳು ಇಂದು ಉಳಿದಿರುವುದು ಬಹುಮಟ್ಟಿಗೆ ಮೈಸೂರಿನ ಹಣದಿಂದ. ಸಂಗತಿ ತಿಳಿದವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಕುಳಿತು ಕೇಳಿದವರು ಮಾತ್ರ ಕಡಿಮೆ. ಹೆಮ್ಮೆಯನ್ನು ಸ್ವಲ್ಪ ಬದಿಗಿಟ್ಟು, ಅವುಗಳಲ್ಲಿ ಸಂಗೀತವೆಷ್ಟಿದೆ ಎಂದು ನೋಡಬೇಕೆಂಬುದು ನಮ್ಮ ಆಸೆ.

ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, 1880ರ ಜನವರಿಯಲ್ಲಿ. ಪ್ರಸಿದ್ಧ ರಾಹ್ಮಾನಿನೋವ್ ಅವನ ಆಪ್ತ ಗೆಳೆಯ. ಇಬ್ಬರೂ ಒಬ್ಬರಿಗೊಬ್ಬರು ಒಂದೊಂದು ಕನ್ಸರ್ಟೊವನ್ನು ಅರ್ಪಿಸಿಕೊಂಡವರು. ಕ್ರಾಂತಿಯ ನಂತರ ಇಬ್ಬರೂ ದೇಶ ಬಿಟ್ಟರು. ರಾಹ್ಮಾನಿನೋವ್‌ಗೆ ಅಮೆರಿಕ ಹಣವನ್ನೂ ಕೀರ್ತಿಯನ್ನೂ ಕೊಟ್ಟಿತು. ಮೆಟ್ನರ್ 1921ರಲ್ಲಿ ಹೊರಟವನು ಅಲ್ಲಲ್ಲಿ ಅಲೆದು 1935ರಲ್ಲಿ ಲಂಡನ್ನಿನಲ್ಲಿ ನೆಲೆ ನಿಂತ. ಊರು ಬಿಟ್ಟವರ ಪಾಡನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಯುದ್ಧದ ದಿನಗಳಲ್ಲಿ ಹೃದ್ರೋಗವೂ ಹಿಡಿಯಿತು. ಮೈಸೂರಿನ ನೆರವು ಒದಗಿದ್ದು ಇಂಥ ಹೊತ್ತಿನಲ್ಲಿ.

ಮಹಾರಾಜರ ಆಶ್ರಯದಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್.ಎಂ.ವಿ. ಕಂಪನಿ ಧ್ವನಿಮುದ್ರಣದ ಹೊಣೆ ಹೊತ್ತಿತು. 1947ರಲ್ಲಿ ಮೂರೂ ಕನ್ಸರ್ಟೊಗಳನ್ನು ಮೆಟ್ನರ್ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ನುಡಿಸಿದ. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್ ನಿರ್ದೇಶಕ, ಉಳಿದೆರಡಕ್ಕೆ ಇಸ್ಸಾಯ್ ದೊಬ್ರೊವೆನ್. ಸೊನಾಟಾಗಳು, ಗೀತೆಗಳು, ಚಿಕ್ಕ ರಚನೆಗಳು ಇವುಗಳ ಜೊತೆಗೆ ಬಂದವು. 1951ರ ನವೆಂಬರಿನಲ್ಲಿ ಅವನು ತೀರಿಕೊಂಡ. ನೆರವು ಐದು ವರ್ಷ ತಡವಾಗಿದ್ದರೆ ಕಾಗದದ ಮೇಲಿನ ಸ್ವರಲಿಪಿಯಷ್ಟೇ ನಮಗೆ ದಕ್ಕುತ್ತಿತ್ತು.

ಈ ಮುದ್ರಿಕೆಗಳನ್ನು ಹೇಗೆ ಕೇಳಬೇಕು? ಅವು ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳು. ಒಂದು ಮಗ್ಗುಲಿಗೆ ನಾಲ್ಕು ನಿಮಿಷ ಚಿಲ್ಲರೆ, ಮೇಲೆ ಮುಳ್ಳಿನ ಕರಕರ. ಇತ್ತೀಚೆಗೆ ಸಿ.ಡಿ.ಗೆ ಇಳಿಸುವವರಲ್ಲಿ ಕೆಲವರು ಈ ಕರಕರವನ್ನು ಪೂರ್ತಿಯಾಗಿ ಒರೆಸಿಬಿಡುತ್ತಾರೆ. ಕೇಳಲು ಹಿತ, ಆದರೆ ನಷ್ಟ ದೊಡ್ಡದು. ಪಿಯಾನೋದ ಸ್ವರ ಹುಟ್ಟುವುದು ಪುಟ್ಟ ಸುತ್ತಿಗೆಯ ಪೆಟ್ಟಿನಿಂದ. ಹುಟ್ಟಿದ ಮರುಕ್ಷಣದಿಂದ ಅದು ಕ್ಷೀಣಿಸತೊಡಗುತ್ತದೆ. ವೀಣೆಯಂತೆ ತಂತಿಯನ್ನೆಳೆದು ಗಮಕ ತರುವಂತಿಲ್ಲ. ಹೀಗಾಗಿ ವಾದಕನ ಕೈಗುಣವೆಲ್ಲ ಪೆಟ್ಟಿನ ತೂಕದಲ್ಲಿ, ಮುಂದಿನ ಪೆಟ್ಟಿಗೆ ಮೊದಲು ಅವನು ಬಿಡುವ ಕಾಲದಲ್ಲಿ, ಪೆಡಲಿನ ಮೇಲಿನ ಕಾಲಿನಲ್ಲಿ. ಆ ತೂಕದ ಗುರುತಿರುವುದು ಪೆಟ್ಟಿನ ಮೊದಲ ಕ್ಷಣದ ಮೇಲುಸ್ತರದ ಕಂಪನಗಳಲ್ಲಿ. ಮುಳ್ಳಿನ ಸದ್ದು ಕೂಡ ಅಲ್ಲಿಯೇ ಮನೆಮಾಡಿರುತ್ತದೆ. ಒಂದನ್ನು ಓಡಿಸಿದರೆ ಇನ್ನೊಂದೂ ಹೋಯಿತು. ಕಲ್ಲು ಆರಿಸಹೋಗಿ ಅಕ್ಕಿ ಚೆಲ್ಲಿದ ಕೆಲಸ! ನಾವಂತೂ ಸದ್ದಿರುವ ಪ್ರತಿಯನ್ನೇ ಆರಿಸಿಕೊಳ್ಳುತ್ತೇವೆ. ಐದು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ. ಲೋಕಲ್ ರೈಲಿನಲ್ಲಿ ನಿಂತು ಪತ್ರಿಕೆ ಓದುವವರಿಗೆ ಇದೇನು ಹೊಸ ವಿದ್ಯೆಯಲ್ಲ.

‘ಸೊನಾಟಾ ಟ್ರಾಜಿಕಾ’ವನ್ನು ಕೇಳಿ. ಹೆಸರಿಗೆ ದುರಂತ, ಅಳು ಎಲ್ಲಿಯೂ ಇಲ್ಲ. ಶೋಕವೆಂದರೆ ಲಯವನ್ನು ಎಳೆದಾಡಬೇಕೆಂದು ತಿಳಿದ ವಾದಕರು ಬಹಳ. ಮೆಟ್ನರ್ ಲಯವನ್ನು ಬಿಗಿಯಾಗಿ ಹಿಡಿದು, ಅದರೊಳಗೆ ಮಾತ್ರ ಬಾಗುತ್ತಾನೆ. ಎಡಗೈ ಬಲಗೈಯ ಆಳಲ್ಲ. ನಡುವಿನ ಸ್ವರಗಳು ತಮ್ಮ ಮಾತನ್ನು ತಾವು ಆಡುತ್ತವೆ. ಪೆಡಲಿನ ಬಳಕೆ ಮಿತ, ಹಾಗಾಗಿ ಯಾವುದೂ ಕಲಸಿಹೋಗುವುದಿಲ್ಲ. 1990ರ ದಶಕದಲ್ಲಿ ಕೆನಡಾದ ಮಾರ್ಕ್-ಆಂದ್ರೆ ಆಮ್ಲಾಂ ಅವನ ಹದಿನಾಲ್ಕೂ ಸೊನಾಟಾಗಳನ್ನು ಧ್ವನಿಮುದ್ರಿಸಿದ. ಬೆರಳಿನ ಚಳಕದಲ್ಲಿ ಅರವತ್ತೇಳರ ರೋಗಿ ಅವನಿಗೆ ಸಾಟಿಯಾಗಲಾರ. ಆದರೆ ಈ ಸೊನಾಟಾದ ಮಟ್ಟಿಗೆ, ಪ್ರತಿಯೊಂದು ವಾಕ್ಯ ಎಲ್ಲಿಗೆ ಹೋಗುತ್ತಿದೆಯೆಂಬ ಅರಿವು ನಮಗೆ ಮುದುಕನಲ್ಲಿಯೇ ಹೆಚ್ಚಾಗಿ ಕಾಣುತ್ತದೆ.

ಮಹಾರಾಜರಿಗೆ ಅರ್ಪಿತವಾದ ಮೂರನೆಯ ಕನ್ಸರ್ಟೊದ ಮಾತೇ ಬೇರೆ. ಇದರ ಮೊದಲ ಭಾಗಕ್ಕೆ ಲೆರ್ಮಂತೋವನ ಕವನವೊಂದರ ಪ್ರೇರಣೆಯಿದೆ: ನದಿಯ ತಳದಲ್ಲಿ ಮಲಗಿರುವ ಯೋಧ, ಅವನನ್ನು ಮುದ್ದಿಸಿ ಎಬ್ಬಿಸಲಾರದ ಜಲಕನ್ಯೆ. ಕೊನೆಯ ಭಾಗದ ತಲೆಯ ಮೇಲೆ ಮೆಟ್ನರ್ ‘ಎಚ್ಚರಗೊಳ್ಳುತ್ತ’ ಎಂಬರ್ಥದ ಇಟಾಲಿಯನ್ ಮಾತನ್ನು ಬರೆದಿದ್ದಾನೆ. ಇಲ್ಲಿ ಪಿಯಾನೋ ಮತ್ತು ವಾದ್ಯವೃಂದ ಒಂದನ್ನೊಂದು ಸೋಲಿಸಹೋಗದೆ ಸಂಭಾಷಣೆ ನಡೆಸುತ್ತವೆ. ಮೊದಲನೆಯ ಕನ್ಸರ್ಟೊದ ಮುದ್ರಿಕೆ ನಮ್ಮನ್ನು ಅಷ್ಟು ಒಲಿಸಲಿಲ್ಲ. ರಚನೆಯೇ ದಟ್ಟ, ವಾದ್ಯವೃಂದದ ಸದ್ದು ಮತ್ತೂ ಮಬ್ಬು.

ಸ್ವಾತಂತ್ರ್ಯ ಬಂದ ವರ್ಷವೇ ಮೈಸೂರಿನ ಹಣ ಲಂಡನ್ನಿನ ಸ್ಟುಡಿಯೋಗೆ ಏಕೆ ಹೋಗಬೇಕಿತ್ತು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಣ್ಣದಲ್ಲ. ಆಸ್ಥಾನದ ನಮ್ಮ ವೈಣಿಕರ ಪೂರ್ಣ ಕಛೇರಿಗಳು ಇದೇ ಮುತುವರ್ಜಿಯಿಂದ ತಟ್ಟೆಗಿಳಿದಿದ್ದರೆ ಎಂದು ನಮ್ಮ ಹೊಟ್ಟೆಯೂ ಉರಿಯುತ್ತದೆ. ಆದರೆ ಅದರ ಸಿಟ್ಟನ್ನು ಮೆಟ್ನರನ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ. ಮಾರಾಟವಾಗದ ಸಂಗೀತಕ್ಕೆ ಯಾರಾದರೊಬ್ಬರು ಹಣ ಹಾಕಬೇಕಾಗುತ್ತದೆ. ಹಾಕಿದವರು ತಾವೇ ಪಿಯಾನೋ ಬಲ್ಲವರಾಗಿದ್ದರು, ಹೆಸರಿಗಾಗಿ ಹಾಕಿದವರಲ್ಲ. ಹೆಸರೇ ಬೇಕಿದ್ದರೆ ರಾಹ್ಮಾನಿನೋವನ ಸಂಗೀತವನ್ನು ಹಿಡಿಯಬಹುದಿತ್ತು.

ಹೊಸದಾಗಿ ಕೇಳುವವರು ಕನ್ಸರ್ಟೊಗಳಿಂದ ಆರಂಭಿಸುವುದು ಬೇಡ. ಮೆಟ್ನರ್ ‘ಸ್ಕಾಜ್ಕಿ’ ಎಂದು ಕರೆದ ಪುಟ್ಟ ರಚನೆಗಳಿವೆ. ಇಂಗ್ಲಿಷಿನವರು ಇವನ್ನು ಯಕ್ಷಿಣಿಯರ ಕಥೆಗಳೆಂದು ಮಾಡಿಕೊಂಡರು. ನಮ್ಮ ‘ಅಜ್ಜಿಕಥೆ’ ಎಂಬ ಮಾತೇ ಹೆಚ್ಚು ಹೊಂದುತ್ತದೆ. ಯೋಧರ ಮೆರವಣಿಗೆಯೆಂದು ಹೆಸರಾದ ಇ ಮೈನರ್ ಕಥೆಯನ್ನು ಮೊದಲು ಹಾಕಿ. ರಾತ್ರಿ ಊಟವಾದ ಮೇಲೆ, ಫ್ಯಾನ್ ನಿಲ್ಲಿಸಿ, ಎರಡು ಸಲ.